ನಾಸ್ತಿಕತೆ ಮತ್ತು ಸಾಮಾಜಿಕ ನ್ಯಾಯ: ಕುಂದಾಪುರ ಸೀಮೆಯ ಕೆಲವು ನಿದರ್ಶನಗಳು

‘ನಾಸ್ತಿಕ’ ಎಂಬ ಶಬ್ದವು ನಮ್ಮ ನಾಡಿನಲ್ಲಿ ಒಂದು ತತ್ತ್ವದ ಹೆಸರಾಗಿ ಬಳಕೆಯಾದುದಕ್ಕಿಂತ ಒಂದು ನಿಂದೆಯ ಮಾತಾಗಿ ಬಳಕೆಯಾದುದೇ ಹೆಚ್ಚು. ಆ ಶಬ್ದದ ಅರ್ಥವೂ ಒಂದೇ ಆಗಿ ನಿಂತಿಲ್ಲ. ವೈಯಾಕರಣರ ಪರಂಪರೆಯಲ್ಲಿ ಪರಲೋಕವಿಲ್ಲವೆಂದು ಬಗೆಯುವವನು ನಾಸ್ತಿಕನು. ಮನುಸ್ಮೃತಿಯ ಪ್ರಕಾರ ವೇದವನ್ನು ನಿಂದಿಸುವವನು ನಾಸ್ತಿಕನು. ದೇವರಿಲ್ಲವೆನ್ನುವವನು ನಾಸ್ತಿಕನೆಂಬುದು ಇಂದಿನ ರೂಢಿ. ಈ ಮೂರರಲ್ಲಿ ಎರಡನೆಯ ಅಳತೆಯನ್ನು ಹಿಡಿದರೆ, ವೇದಕ್ಕಿಂತ ಅನುಭಾವವನ್ನು ಹಿರಿದೆಂದು ಎತ್ತಿಹಿಡಿದ ಹನ್ನೆರಡನೆಯ ಶತಮಾನದ ಶರಣರು ಆ ಹೆಸರಿಗೆ ಪಾತ್ರರಾಗಬೇಕಾಗುತ್ತದೆ. ಅದೇ ಅಳತೆಯಿಂದ, ಸೃಷ್ಟಿಕರ್ತನಾದ ಈಶ್ವರನನ್ನು ಬೇಡವೆಂದ ಸಾಂಖ್ಯರೂ ಪೂರ್ವಮೀಮಾಂಸಕರೂ ಆಸ್ತಿಕರ ಪಂಕ್ತಿಯಲ್ಲಿಯೇ ಉಳಿಯುತ್ತಾರೆ. ಶಿವನಿಗೆ ತಮ್ಮನ್ನೇ ಒಪ್ಪಿಸಿಕೊಂಡವರು ಹೊರಗಾಗುವ, ಈಶ್ವರನನ್ನು ಒಪ್ಪದವರು ಒಳಗಾಗುವ ಈ ವೈಚಿತ್ರ್ಯವನ್ನು ನೋಡಿದರೆ, ‘ನಾಸ್ತಿಕ’ವೆಂಬ ಪದವು ಬಹುಕಾಲ ದೇವರ ಕುರಿತಾದ ವಿವಾದಕ್ಕಿಂತ ಸಮಾಜದ ಎಲ್ಲೆಯನ್ನು ಕಾಯುವುದಕ್ಕೇ ಹೆಚ್ಚಾಗಿ ಒದಗಿತೆಂಬುದು ವಿಶದವಾಗುತ್ತದೆ.

ಹೀಗಿರಲು, ನಾಸ್ತಿಕತೆಯನ್ನು ಸಾಮಾಜಿಕ ನ್ಯಾಯದ ಪ್ರಶ್ನೆಯಾಗಿ ಪರಿಗಣಿಸಬೇಕೇ ಎಂಬ ವಿಚಾರವು ವಿದ್ವಾಂಸರಿಗೂ ಭಕ್ತರಿಗೂ ಸಮಾನವಾಗಿ ಸಂಬಂಧಿಸಿದುದಾಗಿದೆ. ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಮೇಲು-ಕೀಳುಗಳೆಲ್ಲ ದೇವರ ಹೆಸರಿನಲ್ಲಿಯೇ ನಿಂತಿರುವುದರಿಂದ ದೇವರನ್ನು ನಿರಾಕರಿಸಿದ ಹೊರತು ಸಮಾನತೆ ಸಾಧ್ಯವಿಲ್ಲವೆಂಬುದು ಒಂದು ಪಕ್ಷ. ನಂಬುವುದು ಬಿಡುವುದು ಅವರವರ ಅಂತರಂಗದ ಮಾತು, ಅದಕ್ಕೂ ನ್ಯಾಯಕ್ಕೂ ಸಂಬಂಧವಿಲ್ಲವೆಂಬುದು ಇನ್ನೊಂದು. ಈ ಎರಡನ್ನೂ ಕೇವಲ ತರ್ಕದಿಂದ ತೂಗುವುದಕ್ಕಿಂತ ಒಂದು ಸೀಮೆಯ ಇತಿಹಾಸದಲ್ಲಿಟ್ಟು ನೋಡುವುದು ಮೇಲು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕರಾವಳಿ ಸೀಮೆಯು ಇದಕ್ಕೆ ತಕ್ಕ ಕ್ಷೇತ್ರ. ಕನ್ನಡದ ಅತ್ಯಂತ ಪ್ರಸಿದ್ಧನಾದ ನಿರೀಶ್ವರ ಚಿಂತಕನೊಬ್ಬನು ಹುಟ್ಟಿದುದು ಇಲ್ಲಿಯೇ. ದೇವಾಲಯಗಳೂ ದೈವಸ್ಥಾನಗಳೂ ದಟ್ಟವಾಗಿರುವುದೂ ಇಲ್ಲಿಯೇ.

ಬಸದಿ ಮತ್ತು ದೇಗುಲಗಳ ನೆರೆ

ನಿರೀಶ್ವರವಾದವು ಈ ಮಣ್ಣಿಗೆ ಹೊರಗಿನಿಂದ ಬಂದ ಹೊಸ ಸರಕಲ್ಲವೆಂಬುದನ್ನು ಮೊದಲಿಗೆ ಗಮನಿಸಬೇಕು. ಬ್ರಹ್ಮಾವರ ತಾಲೂಕಿನ ಬಾರಕೂರು ಆಳುಪರ ರಾಜಧಾನಿಯಾಗಿದ್ದ ಊರು. ಅಲ್ಲಿ ಪಂಚಲಿಂಗೇಶ್ವರ ದೇವಾಲಯವಿರುವಂತೆ ಕತ್ತಲೆ ಬಸದಿಯೂ ಇದೆ. ಜಗತ್ತಿಗೆ ಒಬ್ಬ ಕರ್ತನಿದ್ದಾನೆಂಬುದನ್ನು ಜೈನಮತವು ಒಪ್ಪುವುದಿಲ್ಲ. ಜೀವನು ತನ್ನ ಕರ್ಮವನ್ನು ತಾನೇ ಸವೆಸಿ ಮೇಲೇರಬೇಕೆನ್ನುತ್ತದೆ. ಇತ್ತ ದಕ್ಷಿಣದಲ್ಲಿ, ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸನಾದ ಕುಂದವರ್ಮನು ಕ್ರಿ.ಶ. 968ರಲ್ಲಿ ಬೋಧಿಸತ್ತ್ವ ಲೋಕೇಶ್ವರನ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಸೃಷ್ಟಿಕರ್ತನನ್ನು ಒಪ್ಪದ ಎರಡು ಮತಗಳು ಈ ಕರಾವಳಿಯಲ್ಲಿ ಶೈವ ವೈಷ್ಣವ ದೇಗುಲಗಳ ನೆರೆಯಲ್ಲಿ ಬಾಳಿದುವು. ಆದರೆ ಬಸದಿಯಿದ್ದ ಮಾತ್ರಕ್ಕೆ ಊರಿನ ಹೊರಗಿನ ಕೇರಿ ಊರಿನೊಳಗೆ ಬರಲಿಲ್ಲ. ಈಶ್ವರನನ್ನು ನಿರಾಕರಿಸಿದ ತತ್ತ್ವವಾಗಲಿ ಈಶ್ವರನನ್ನು ಪೂಜಿಸಿದ ತತ್ತ್ವವಾಗಲಿ ಹೊಲೆಯನಿಗೂ ಕೊರಗನಿಗೂ ನೆಲವನ್ನು ಕೊಡಿಸಲಿಲ್ಲ. ಇತಿಹಾಸವು ಕಲಿಸುವ ಮೊದಲ ಪಾಠವಿದು: ದೇವರನ್ನು ಕುರಿತ ಸಿದ್ಧಾಂತವೊಂದೇ ಸಮಾಜದ ನ್ಯಾಯವನ್ನು ನಿರ್ಣಯಿಸುವುದಿಲ್ಲ.

ಕೋಟದ ಕಾರಂತರು

ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು. ಅವರ ಕೂಟ ಬ್ರಾಹ್ಮಣ ಸಮುದಾಯದಲ್ಲಿ ಒಂದು ವಿಶೇಷವಿದೆ. ಆ ಸಮುದಾಯಕ್ಕೆ ಮನುಷ್ಯನಾದ ಮಠಾಧಿಪತಿಯಿಲ್ಲ. ಸಾಲಿಗ್ರಾಮದ ನರಸಿಂಹ ದೇವರನ್ನೇ ಗುರುವೆಂದು ಅವರು ಒಪ್ಪಿಕೊಂಡಿದ್ದಾರೆ. ದೇವರೇ ಗುರುವಾದ ಸಮುದಾಯದಲ್ಲಿ ಹುಟ್ಟಿದವರು ದೇವರ ಅನುಭವ ತಮಗಿಲ್ಲವೆಂದು ನಿಸ್ಸಂಕೋಚವಾಗಿ ಹೇಳುವವರಾಗಿ ಬೆಳೆದರು. ಕುಂದಾಪುರದಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿ ಮಂಗಳೂರಿನ ಕಾಲೇಜು ಸೇರಿದ್ದ ಅವರು ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಓದನ್ನು ಬಿಟ್ಟರು. ಖಾದಿ ಪ್ರಚಾರ, ಪಾನನಿಷೇಧ, ಅಸ್ಪೃಶ್ಯತಾ ನಿವಾರಣೆಗಳಲ್ಲಿ ಅವರ ಯೌವನ ಸಂದಿತು. 1936ರಲ್ಲಿ ಬಂಟ ಸಮುದಾಯದ ಲೀಲಾ ಆಳ್ವರನ್ನು ವಿವಾಹವಾಗಿ, ಮಾತಿಗೂ ಬಾಳಿಗೂ ಅಂತರವಿಲ್ಲದಂತೆ ನಡೆದುಕೊಂಡರು. ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದು, ಕೊನೆಯ ದಶಕಗಳನ್ನು ಸಾಲಿಗ್ರಾಮದಲ್ಲಿ ಕಳೆದು, 1997ರ ಡಿಸೆಂಬರ್ 9ರಂದು ನಿಧನರಾದರು.

ಪ್ರಸ್ತುತ ವಿಚಾರಕ್ಕೆ ಅವರ ಬಾಳಿನ ಘಟನೆಗಳಿಗಿಂತ 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯೇ ಹೆಚ್ಚು ಬೆಳಕನ್ನು ನೀಡುತ್ತದೆ. ಕಾದಂಬರಿಯ ನಾಯಕ ಚೋಮನು ಒಡೆಯನ ಮೂಲದಾಳು. ಕಾಡಿನಲ್ಲಿ ಸಿಕ್ಕಿದ ಎರಡು ಎತ್ತುಗಳನ್ನು ಸಾಕಿಕೊಂಡಿರುವ ಅವನಿಗೆ ಒಂದು ತುಂಡು ನೆಲವನ್ನು ತಾನೇ ಉತ್ತು ಬೆಳೆಯಬೇಕೆಂಬ ಆಸೆ. ಒಡೆಯನಾದ ಸಂಕಪ್ಪಯ್ಯನು ಕ್ರೂರಿಯಲ್ಲ. ಆದರೆ ಹೊಲೆಯನು ಬೇಸಾಯಗಾರನಾಗುವುದು ಹಿಂದಿನಿಂದ ನಡೆದುಬಂದ ಕಟ್ಟಿಗೆ ವಿರುದ್ಧವೆಂಬ ಮಾತನ್ನು ಮೀರುವ ಧೈರ್ಯ ಅವನಲ್ಲಿಲ್ಲ. ಕಾಫಿ ತೋಟದ ಸಾಲ, ಮಕ್ಕಳ ಸಾವು, ಮಗನೊಬ್ಬನ ಮತಾಂತರ, ಮಗಳ ದುರ್ಗತಿ ಇವೆಲ್ಲವೂ ಒಂದರ ಹಿಂದೊಂದಾಗಿ ಬಂದು ಚೋಮನನ್ನು ಮುರಿಯುತ್ತವೆ. ನೀರಿನಲ್ಲಿ ಮುಳುಗುತ್ತಿರುವ ಅವನ ಎಳೆಯ ಮಗನನ್ನು ಮುಟ್ಟಿ ಎತ್ತಬಾರದೆಂದು ದಡದಲ್ಲಿರುವವರು ತಡೆಯುವ ಸನ್ನಿವೇಶವನ್ನು ಓದಿದವರು ಮರೆಯಲಾರರು. ಮುಟ್ಟಬಾರದೆಂಬ ಒಂದು ನಂಬಿಕೆಯು ಮಗುವಿನ ಉಸಿರಿಗಿಂತ ಹೆಚ್ಚಿನ ಬೆಲೆಯುಳ್ಳದ್ದಾಗುವ ಕ್ಷಣವದು.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದುದೊಂದಿದೆ. ಕ್ರೈಸ್ತನಾದರೆ ಭೂಮಿ ದೊರೆಯುವುದೆಂಬ ಆಸೆಯಿಂದ ಚೋಮನು ಪಾದ್ರಿಯ ಬಳಿಗೆ ಹೊರಡುತ್ತಾನೆ. ಆದರೆ ತನ್ನ ದೈವವಾದ ಪಂಜುರ್ಲಿಯನ್ನು ಬಿಡಲಾರದೆ ಹಿಂತಿರುಗುತ್ತಾನೆ. ದೇವರಲ್ಲಿ ನಂಬಿಕೆಯಿಲ್ಲದ ಲೇಖಕರೊಬ್ಬರು ಈ ಸನ್ನಿವೇಶವನ್ನು ಚೋಮನ ಮೌಢ್ಯವೆಂದು ನಗುವ ವಸ್ತುವನ್ನಾಗಿ ಮಾಡಬಹುದಾಗಿತ್ತು. ಕಾರಂತರು ಹಾಗೆ ಮಾಡಲಿಲ್ಲ. ಸರ್ವಸ್ವವನ್ನೂ ಕಳೆದುಕೊಂಡ ಮನುಷ್ಯನೊಬ್ಬನು ಉಳಿಸಿಕೊಂಡ ಕೊನೆಯ ಘನತೆಯಾಗಿ ಆ ನಿಷ್ಠೆಯನ್ನು ಅವರು ಕಂಡರು. ಚೋಮನ ದೈವವನ್ನು ಅವನಿಂದ ಕಸಿಯದೆ, ಅವನಿಗೆ ಸಲ್ಲಬೇಕಾದ ನೆಲವನ್ನು ಓದುಗರ ಮುಂದೆ ಕೇಳಿದರು. ನಾಸ್ತಿಕತೆಯು ಸಾಮಾಜಿಕ ನ್ಯಾಯಕ್ಕೆ ಹೇಗೆ ಒದಗಬಲ್ಲುದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಬಡವನ ನಂಬಿಕೆಯನ್ನು ಅಳಿಸುವುದು ಸುಲಭ. ಅವನ ಬಡತನಕ್ಕೆ ಧರ್ಮದ ಮುದ್ರೆಯನ್ನೊತ್ತಿದವರನ್ನು ಪ್ರಶ್ನಿಸುವುದು ಕಠಿಣ. ಕಾರಂತರು ಆಯ್ದುಕೊಂಡುದು ಕಠಿಣವಾದುದನ್ನು.

ಮೂಕಜ್ಜಿಯ ಸಂಶಯ

ಚೋಮನನ್ನು ಬರೆದ ಲೇಖನಿಯಿಂದಲೇ 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಹೊರಬಂದಿತು. 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಈ ಕೃತಿಗೆ ಸಂದಿತು. ಅಜ್ಜಿಯ ಹೆಸರು ಮೂಕಾಂಬಿಕೆ. ಬೈಂದೂರು ತಾಲೂಕಿನ ಕೊಲ್ಲೂರಿನ ದೇವಿಯ ಈ ಹೆಸರು ಆ ಸೀಮೆಯಲ್ಲಿ ಮನೆಮನೆಯದು. ಬಾಲ್ಯದಲ್ಲಿಯೇ ವಿಧವೆಯಾಗಿ, ಬಾಯಿ ಬಿಡದೆ ಎಂಟು ದಶಕಗಳನ್ನು ಸವೆಸಿದ ಈ ಅಜ್ಜಿಯು ಮೊಮ್ಮಗ ಸುಬ್ಬರಾಯನೊಡನೆ ದೇವರನ್ನು, ಸನ್ಯಾಸವನ್ನು, ಗಂಡು-ಹೆಣ್ಣಿನ ಸಂಬಂಧವನ್ನು ಕುರಿತು ನಿರ್ಭಯವಾಗಿ ಮಾತನಾಡುತ್ತಾಳೆ. ಜನರ ಕಲ್ಪನೆಯು ಬದಲಾದಂತೆ ದೇವರುಗಳೂ ಬದಲಾಗುತ್ತ ಬಂದ ಬಗೆಯು ಆಕೆಯ ಒಳಗಣ್ಣಿಗೆ ತೋರುತ್ತದೆ.

ಈ ಸಂಶಯವು ಗ್ರಂಥಗಳ ಓದಿನಿಂದ ಹುಟ್ಟಿದುದಲ್ಲ. ಬಾಲ್ಯವಿವಾಹವನ್ನು ನಿರ್ಬಂಧಿಸುವ ಶಾರದಾ ಕಾಯಿದೆಯು 1929ರಲ್ಲಿ ಬಂದಿತು. ಅಷ್ಟರಲ್ಲಿ ಮೂಕಜ್ಜಿಯ ತಲೆಮಾರಿನ ಹೆಂಗಸರ ಬಾಳು ಮುಗಿದೇ ಹೋಗಿದ್ದಿತು. ಆಟದ ವಯಸ್ಸಿನ ಹುಡುಗಿಯೊಬ್ಬಳಿಗೆ ಜೀವಮಾನದುದ್ದಕ್ಕೂ ಶಿಕ್ಷೆ ವಿಧಿಸಿದವರು ಅದನ್ನು ಧರ್ಮವೆಂದು ಕರೆದರು. ಹಾಗಿರುವಾಗ ಆ ಹುಡುಗಿ ಮುದುಕಿಯಾದ ಮೇಲೆ ‘ಯಾವ ದೇವರು ಇದನ್ನು ಹೇಳಿದನು?’ ಎಂಬರ್ಥದ ಪ್ರಶ್ನೆಯನ್ನೆತ್ತಿದರೆ ಅದನ್ನು ದೈವದ್ರೋಹವೆನ್ನುವುದು ಸಲ್ಲದು. ಬಹುಕಾಲ ತಡವಾಗಿ ಸಲ್ಲಿಕೆಯಾದ ಒಂದು ಫಿರ್ಯಾದೆಂದೇ ಅದನ್ನು ತಿಳಿಯಬೇಕು. ನೊಂದವರ ನಾಸ್ತಿಕತೆಗೂ ನೋಯದವರ ನಾಸ್ತಿಕತೆಗೂ ಇರುವ ಅಂತರ ಇಲ್ಲಿ ತೋರುತ್ತದೆ.

ಆದರೆ ಈ ಸೀಮೆಯ ಚಿಂತನೆಯೆಲ್ಲವೂ ಕಾರಂತರ ಜಾಡಿನಲ್ಲಿಯೇ ಸಾಗಿತೆಂದು ಭಾವಿಸಬಾರದು. ಬೈಂದೂರಿಗೆ ಸಮೀಪದ ಮೊಗೇರಿಯಲ್ಲಿ 1918ರಲ್ಲಿ ಜನಿಸಿದ ಗೋಪಾಲಕೃಷ್ಣ ಅಡಿಗರು ಪರಂಪರೆಯನ್ನು ಅದರ ಒಳಗೇ ನಿಂತು ಕೆದಕಿದ ಕವಿಗಳು. ಕಾರಂತರೇ ಯಕ್ಷಗಾನದ ಶಾಸ್ತ್ರೀಯ ಅಧ್ಯಯನಕ್ಕೆ ಆಯುಷ್ಯದ ಬಹುಭಾಗವನ್ನು ಮೀಸಲಿಟ್ಟರು. ದೇವದಾನವರ ಕಥೆಗಳೇ ಅದರ ಉಸಿರು. ಬ್ರಹ್ಮಾವರ ತಾಲೂಕಿನ ಮಂದಾರ್ತಿಯಂತಹ ಕ್ಷೇತ್ರಗಳ ಮೇಳಗಳು ಭಕ್ತರ ಹರಕೆಯ ಆಟಗಳಿಂದಲೇ ನಡೆದುಬಂದಿವೆ. ಭಕ್ತರು ಹರಕೆಯಿಂದ ಉಳಿಸಿದ ಕಲೆಯನ್ನು ನಂಬದವರೊಬ್ಬರು ಪ್ರೀತಿಯಿಂದ ಅಭ್ಯಸಿಸಿ ಲೋಕಕ್ಕೆ ಪರಿಚಯಿಸಿದುದನ್ನು ನೋಡಿದರೆ, ನಂಬಿಕೆ ಅಪನಂಬಿಕೆಗಳು ಹಗೆಗಳಾಗಿಯೇ ಇರಬೇಕಾದುದಿಲ್ಲವೆಂಬುದು ಮನದಟ್ಟಾಗುತ್ತದೆ.

ಗಾಂಧೀಜಿ, ಭೂಕಂಪ ಮತ್ತು ಗೋರಾ

‘ಚೋಮನ ದುಡಿ’ ಪ್ರಕಟವಾದ ಮರುವರ್ಷ, 1934ರ ಫೆಬ್ರವರಿಯಲ್ಲಿ, ಗಾಂಧೀಜಿ ಹರಿಜನ ಯಾತ್ರೆಯ ಅಂಗವಾಗಿ ದಕ್ಷಿಣ ಕನ್ನಡಕ್ಕೆ ಬಂದರು. ಮಂಗಳೂರು, ಉಡುಪಿ, ಬ್ರಹ್ಮಾವರಗಳನ್ನು ದಾಟಿ ಕುಂದಾಪುರವನ್ನು ತಲುಪಿದರು. ಅದಕ್ಕೆ ಸ್ವಲ್ಪ ಮುಂಚೆ, ಜನವರಿ 15ರಂದು, ಬಿಹಾರದಲ್ಲಿ ಭೀಕರ ಭೂಕಂಪವಾಗಿದ್ದಿತು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ವಿಧಿಸಿದ ದಂಡನೆ ಅದೆಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಒಪ್ಪಲಿಲ್ಲ. ಪ್ರಕೃತಿಯ ಘಟನೆಗೆ ನೈತಿಕ ಕಾರಣವನ್ನು ಹಚ್ಚುವುದು ಅವಿಚಾರವನ್ನು ಬೆಳೆಸುತ್ತದೆಂದು ಬಹಿರಂಗವಾಗಿ ಪ್ರತಿಭಟಿಸಿದರು. ಗಾಂಧೀಜಿ ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರವಿತ್ತರು. ಒಳ್ಳೆಯ ಗುರಿಗೆ ಭಯದ ದಾರಿ ಸಲ್ಲದೆಂಬುದು ಠಾಕೂರರ ಆಕ್ಷೇಪದ ತಿರುಳು. ಅಸ್ಪೃಶ್ಯತೆಗಾಗಿ ದೇವರು ಭೂಮಿಯನ್ನು ನಡುಗಿಸುವನೆಂದು ಒಪ್ಪಿದರೆ, ಅಸ್ಪೃಶ್ಯತೆಯನ್ನು ಕೈಬಿಟ್ಟುದಕ್ಕಾಗಿಯೇ ನಡುಗಿಸಿದನೆಂದು ನಾಳೆ ಇನ್ನೊಬ್ಬನು ಹೇಳಬಹುದಲ್ಲವೆ? ನ್ಯಾಯದ ಪ್ರಶ್ನೆಯನ್ನು ದೇವರ ಕೋಪದ ಮೇಲೆ ನಿಲ್ಲಿಸುವುದರಲ್ಲಿ ಈ ಅಪಾಯವಿದೆ.

ಕಾರಂತರು ಹುಟ್ಟಿದ 1902ರಲ್ಲಿಯೇ ಜನಿಸಿದ ಆಂಧ್ರದ ಗೋಪರಾಜು ರಾಮಚಂದ್ರರಾವ್, ಅಥವಾ ಗೋರಾ, ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು. ನಿರೀಶ್ವರವಾದದ ಕಾರಣಕ್ಕಾಗಿ 1933ರಲ್ಲಿ ಅವರು ಕಾಕಿನಾಡದ ಅಧ್ಯಾಪಕ ವೃತ್ತಿಯನ್ನು ಕಳೆದುಕೊಂಡರು. 1940ರಲ್ಲಿ ಸ್ಥಾಪಿಸಿದ ನಾಸ್ತಿಕ ಕೇಂದ್ರದ ಮೂಲಕ ಸಹಭೋಜನಗಳನ್ನು ನಡೆಸಿ ಅಸ್ಪೃಶ್ಯತಾ ನಿವಾರಣೆಗೆ ದುಡಿದರು. ತನ್ನ ಸ್ಥಿತಿ ದೈವೇಚ್ಛೆಯೆಂದು ಬಗೆಯುವವನು ಅದನ್ನು ಬದಲಾಯಿಸಲು ಕೈಯೆತ್ತಲಾರನೆಂಬುದು ಅವರ ವಾದ. 1944ರಿಂದ ಮೊದಲ್ಗೊಂಡು ಈ ಕುರಿತು ಗಾಂಧೀಜಿಯೊಡನೆ ಅವರು ಚರ್ಚಿಸಿದರು. ತಮ್ಮ ಮಗಳನ್ನು ಹರಿಜನ ಯುವಕನಿಗೆ ಕೊಟ್ಟು ಮದುವೆ ಮಾಡಲು ಅವರು ನಿಶ್ಚಯಿಸಿದಾಗ, ಸೇವಾಗ್ರಾಮದಲ್ಲಿ ಆ ಮದುವೆಯನ್ನು ನಡೆಸಲು ಗಾಂಧೀಜಿ ಒಪ್ಪಿದರು. ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಸ್ಥಾನದಲ್ಲಿ ಸತ್ಯದ ಹೆಸರನ್ನಿಡಲೂ ಸಮ್ಮತಿಸಿದರು. ಮದುವೆಯು ನಡೆದುದು 1948ರ ಮಾರ್ಚ್ ತಿಂಗಳಲ್ಲಿ. ಆಗ ಗಾಂಧೀಜಿ ಬದುಕಿರಲಿಲ್ಲ. ಪರಮ ಆಸ್ತಿಕರೂ ಪರಮ ನಾಸ್ತಿಕರೂ ಕೂಡಿದುದು ತರ್ಕದಲ್ಲಿ ಅಲ್ಲ, ಒಂದು ಮದುವೆಯ ಹಂದರದಲ್ಲಿ.

ಮದುವೆ, ಪ್ರಮಾಣವಚನ ಮತ್ತು ಕಾನೂನು

ಮದುವೆಯ ಮಾತು ಬಂದಾಗ ಶರಣ ಸಾಹಿತ್ಯವನ್ನು ಬಲ್ಲವರಿಗೆ ಕಲ್ಯಾಣದ ನೆನಪಾಗದಿರದು. ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಆದ ವಿವಾಹವೇ ಕಲ್ಯಾಣದ ಕ್ರಾಂತಿಗೆ ಕಾರಣವಾಯಿತೆಂದು ಪರಂಪರೆಯು ಹೇಳುತ್ತದೆ. ಶಿವಭಕ್ತರಲ್ಲಿ ಕುಲವನ್ನರಸಬಾರದೆಂಬ ಶ್ರದ್ಧೆಯೇ ಆ ಸಂಬಂಧದ ಅಡಿಗಲ್ಲು. ಆ ಶ್ರದ್ಧೆಗಾಗಿ ಅವರು ತೆತ್ತ ಬೆಲೆ ಪ್ರಾಣವೇ ಆಗಿದ್ದಿತು.

ಏಳು ಶತಮಾನಗಳ ತರುವಾಯ ಬಂದ ಕಾನೂನು ಇದಕ್ಕೆ ತದ್ವಿರುದ್ಧವಾದ ಬೆಲೆಯನ್ನು ಕೇಳಿತು. 1872ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ ಮದುವೆಯಾಗುವವರು ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ ಮೊದಲಾದ ಯಾವ ಧರ್ಮವನ್ನೂ ಅನುಸರಿಸುವವರಲ್ಲವೆಂದು ಘೋಷಿಸಬೇಕಾಗಿದ್ದಿತು. ಜಾತಿಯನ್ನು ದಾಟಬಯಸಿದ ಭಕ್ತನೂ ಧರ್ಮವಿಲ್ಲದವನೆಂದು ಬರೆದುಕೊಡಬೇಕಾದ ಪರಿಸ್ಥಿತಿಯದು. 1923ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್ಖ, ಜೈನರಿಗೆ ಈ ಬಲವಂತವನ್ನು ತಪ್ಪಿಸಿತು. 1954ರ ಹೊಸ ಕಾಯಿದೆಯಲ್ಲಿ ಧರ್ಮದ ಪ್ರಶ್ನೆಯೇ ಏಳದಂತಾಯಿತು. ಕಲ್ಯಾಣದಲ್ಲಿ ಶ್ರದ್ಧೆಯನ್ನು ಹಿಡಿದವರು ಪ್ರಾಣವನ್ನು ತೆತ್ತರು. 1872ರಲ್ಲಿ ಜಾತಿಯನ್ನು ಬಿಡುವವರು ಶ್ರದ್ಧೆಯನ್ನು ತೆರಬೇಕಾಯಿತು. ಎರಡನ್ನೂ ತೆರದೆ ಮನುಷ್ಯರು ಮನುಷ್ಯರನ್ನು ವರಿಸಬಹುದಾದ ಸ್ಥಿತಿಯೇ ನ್ಯಾಯದ ಸ್ಥಿತಿ.

ಸಂವಿಧಾನದ ರಚನೆಯಲ್ಲಿಯೂ ಈ ಪ್ರಶ್ನೆ ಎದ್ದಿತು. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ತಿದ್ದುಪಡಿಯನ್ನು ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಹೃದಯನಾಥ ಕುಂಜ್ರೂ ಅವರು ಅದನ್ನು ವಿರೋಧಿಸಿದರು. ಅಂತರಂಗಕ್ಕೆ ಸೇರಿದ ಪವಿತ್ರ ವಿಷಯವೊಂದನ್ನು ಎಲ್ಲರ ಮೇಲೂ ಹೇರಿದಂತಾಗುವುದೆಂಬುದು ಅವರ ಆಕ್ಷೇಪ. ಸಭೆಯ ಅಧ್ಯಕ್ಷರಾಗಿದ್ದವರು ದೈವಭಕ್ತರಾದ ರಾಜೇಂದ್ರ ಪ್ರಸಾದರು. ತಿದ್ದುಪಡಿಯ ಪರವಾಗಿ 41, ವಿರೋಧವಾಗಿ 68 ಮತಗಳು ಬಂದು ಅದು ಬಿದ್ದುಹೋಯಿತು. ವಿರೋಧಿಸಿದವರೆಲ್ಲರೂ ನಾಸ್ತಿಕರಾಗಿರಲಿಲ್ಲ. ದೇವರನ್ನು ನಂಬುವವರೇ, ನಂಬದವನ ಮೇಲೆ ದೇವರನ್ನು ಹೊರಿಸಬಾರದೆಂದು ಕೈಯೆತ್ತಿದರು. ಕಾಮತರ ಮಾತೂ ಪೂರ್ಣವಾಗಿ ವ್ಯರ್ಥವಾಗಲಿಲ್ಲ. ಸಂವಿಧಾನದ ಪ್ರಮಾಣವಚನದಲ್ಲಿ ದೇವರ ಹೆಸರಿನಲ್ಲಿ ಆಣೆಯಿಡುವ ದಾರಿಯೂ, ಆಣೆಯಿಲ್ಲದೆ ದೃಢೀಕರಿಸುವ ದಾರಿಯೂ ಅಕ್ಕಪಕ್ಕದಲ್ಲಿಯೇ ಇವೆ.

ಇದಕ್ಕೆ ಪೂರಕವಾದ ಎರಡು ತೀರ್ಪುಗಳು ಈ ಕರಾವಳಿಯ ವ್ಯಾಜ್ಯಗಳಿಂದಲೇ ಹುಟ್ಟಿದುವು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಆಡಳಿತವನ್ನು ಕುರಿತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ ಧರ್ಮವೆಂದರೇನೆಂಬುದನ್ನು ವಿಚಾರಿಸಿತು. ಬೌದ್ಧ, ಜೈನ ಮತಗಳು ದೇವರನ್ನು ಒಪ್ಪದಿದ್ದರೂ ಧರ್ಮಗಳೇ ಆಗಿರುವುದರಿಂದ ಧರ್ಮವು ಈಶ್ವರನಂಬಿಕೆಯನ್ನೇ ಅವಲಂಬಿಸಿಲ್ಲವೆಂದು ಅದು ಸ್ಪಷ್ಟಪಡಿಸಿತು. ಮಠವೊಂದರ ಹಕ್ಕನ್ನು ಕಾಪಾಡಿದ ತೀರ್ಪಿನಲ್ಲಿಯೇ ನಿರೀಶ್ವರವಾದಕ್ಕೂ ಸ್ಥಾನ ದೊರೆತುದು ಸ್ವಾರಸ್ಯವಾಗಿದೆ. ಮೂಲ್ಕಿಯ ವೆಂಕಟರಮಣ ದೇವಾಲಯದ ಮೊಕದ್ದಮೆಯಲ್ಲಿ 1957ರಲ್ಲಿ ಬಂದ ತೀರ್ಪು ಇನ್ನೊಂದು. ಆಗಿನ ಮದರಾಸು ಪ್ರಾಂತದ 1947ರ ದೇವಾಲಯ ಪ್ರವೇಶ ಕಾಯಿದೆಯನ್ನು ತಮ್ಮ ಸಮುದಾಯದ ದೇವಾಲಯಕ್ಕೆ ಅನ್ವಯಿಸಬಾರದೆಂದು ಅದರ ಆಡಳಿತದವರು ವಾದಿಸಿದ್ದರು. ಪಂಗಡದ ಹಕ್ಕಿಗಿಂತ ಹಿಂದುಗಳೆಲ್ಲರ ಪ್ರವೇಶದ ಹಕ್ಕು ಮೇಲೆಂದು ನ್ಯಾಯಾಲಯ ಹೇಳಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮುದಾಯಕ್ಕೆ ಉಳಿಸಿತು. ದೇವಾಲಯದ ಬಾಗಿಲಲ್ಲಿ ನಿಂತು ಒಳಗೆ ಬಿಡಿರೆಂದು ಕೇಳಿದವರು ನಾಸ್ತಿಕರಲ್ಲ, ನಂಬಿದವರು. ಸಾಮಾಜಿಕ ನ್ಯಾಯದ ಹೋರಾಟಗಳನ್ನೆಲ್ಲ ನಾಸ್ತಿಕತೆಯ ಲೆಕ್ಕಕ್ಕೆ ಬರೆಯಲಾಗದೆಂಬುದಕ್ಕೆ ಇದು ಸಾಕ್ಷಿ.

ನೆಲ ಮತ್ತು ಅಜಲು

ಚೋಮನು ಬೇಡಿದ ನೆಲದ ಕಥೆ ಮುಂದೇನಾಯಿತು? 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯ ಭೂಮಿಗಳೆಲ್ಲ ಸರಕಾರಕ್ಕೆ ಸೇರಿ, ಭೂನ್ಯಾಯಮಂಡಲಿಗಳ ಮೂಲಕ ಉಳುವವರ ಹೆಸರಿಗೆ ಬಂದುವು. ಗೇಣಿದಾರರೇ ಹೆಚ್ಚಾಗಿದ್ದ ಕರಾವಳಿಯಲ್ಲಿ ಇದರ ಪರಿಣಾಮ ಗಾಢವಾಗಿದ್ದಿತು. ದೇವಸ್ಥಾನಗಳ ಮತ್ತು ಮಠಗಳ ಗೇಣಿಭೂಮಿಗೂ ವಿನಾಯಿತಿ ಇರಲಿಲ್ಲ. ಕಳೆದುಕೊಂಡ ಭೂಮಿಗೆ ಪ್ರತಿಯಾಗಿ ತಸ್ತೀಕು ಗೊತ್ತಾಯಿತು. ಅಂದು ಧಾರ್ಮಿಕ ಸಂಸ್ಥೆಗಳು ನಷ್ಟವನ್ನು ಅನುಭವಿಸಿದುದು ನಿಜ. ಆದರೆ ದೇವರ ಹೆಸರಿನಲ್ಲಿದ್ದ ಗದ್ದೆಯು ಅದರಲ್ಲಿ ಬೆವರು ಸುರಿಸಿದವನಿಗೆ ಸೇರಿದುದನ್ನು ಧರ್ಮಹಾನಿಯೆನ್ನಲು, ಕಾಯಕ ದಾಸೋಹಗಳನ್ನು ಬೋಧಿಸುವ ಯಾವ ಪರಂಪರೆಗೂ ನಾಲಗೆ ಏಳಲಾರದು. ಈ ಸುಧಾರಣೆಗೂ ಒಂದು ಮಿತಿಯಿದ್ದಿತು. ಭೂಮಿ ದೊರೆತುದು ಗೇಣಿದಾರನಿಗೆ. ಚೋಮನು ಗೇಣಿದಾರನಲ್ಲ, ಕೂಲಿಯಾಳು. ಅಂಥವರಲ್ಲಿ ಅನೇಕರಿಗೆ ಮನೆಯಡಿಯ ನಿವೇಶನಕ್ಕಿಂತ ಹೆಚ್ಚಿನದು ದೊರೆಯಲಿಲ್ಲ. ಚೋಮನ ದುಡಿಯ ಸದ್ದು ಅಲ್ಲಿಗೂ ಪೂರ್ತಿಯಾಗಿ ಅಡಗಲಿಲ್ಲ.

ಕೊರಗರ ಸ್ಥಿತಿ ಇನ್ನೂ ದಾರುಣವಾದುದು. ಬುಟ್ಟಿ ಹೆಣೆಯುವ, ಡೋಲು ಬಡಿಯುವ ಈ ಆದಿವಾಸಿಗಳನ್ನು ‘ಅಜಲು’ ಎಂಬ ಪದ್ಧತಿಯು ತಲೆಮಾರುಗಳಿಂದ ಕಟ್ಟಿಹಾಕಿದ್ದಿತು. ಉಗುರು ಕೂದಲುಗಳನ್ನು ಬೆರೆಸಿದ ಅನ್ನವನ್ನು ಉಣ್ಣಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು ಇವೇ ಮೊದಲಾದುವು ಅದರ ರೂಪಗಳು. ಒಬ್ಬರ ಮೈಯ ಅನಿಷ್ಟವು ಅನ್ನದ ಮೂಲಕ ಇನ್ನೊಬ್ಬರ ಮೈಗೆ ದಾಟುವುದೆಂಬ ನಂಬಿಕೆ ಇದರ ಬೆನ್ನಿಗಿದ್ದಿತು. 2000ನೆಯ ಇಸವಿಯಲ್ಲಿ ಕರ್ನಾಟಕವು ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಬೇಕಾಯಿತು. ಇಂತಹ ಕಡೆ ನಂಬಿಕೆಯನ್ನು ಪ್ರಶ್ನಿಸುವುದು ಅಂತರಂಗದ ವಿಷಯವಾಗಿ ಉಳಿಯುವುದಿಲ್ಲ. ಒಬ್ಬನ ನಂಬಿಕೆಯ ಭಾರವನ್ನು ಇನ್ನೊಬ್ಬನ ಮೈ ಹೊರಬೇಕಾದಲ್ಲಿ ಆ ನಂಬಿಕೆಯು ಕೂಡಲೆ ನ್ಯಾಯದ ಕಟ್ಟೆಯೇರಬೇಕು.

ಇಲ್ಲಿಯೇ ನಾಸ್ತಿಕರಿಗೂ ಒಂದು ಮಾತನ್ನು ಹೇಳಬೇಕಾಗುತ್ತದೆ. ವಿದ್ಯೆ, ಆಸ್ತಿ, ಕುಲಗಳ ಆಶ್ರಯವುಳ್ಳವನು ಇಂದು ದೇವರನ್ನು ಬಿಟ್ಟರೆ ನಾಳೆ ಅವನ ಮನೆಯ ಅನ್ನಕ್ಕೆ ಕುಂದಿಲ್ಲ. ಕೊರಗನು ದೇವರನ್ನು ಬಿಟ್ಟರೂ ಅಜಲು ಅವನನ್ನು ಬಿಡದು. ಅದು ಅವನ ನಂಬಿಕೆಯಿಂದ ಬಂದುದಲ್ಲ, ಇನ್ನೊಬ್ಬರದರಿಂದ ಬಂದುದು. ಆದುದರಿಂದ ದೇವರಿಲ್ಲವೆಂಬ ಘೋಷಣೆಯೊಂದರಿಂದಲೇ ನ್ಯಾಯಸಾಧನೆಯಾಯಿತೆಂದು ತಿಳಿಯುವುದು, ವಿಭೂತಿಯನ್ನು ಧರಿಸಿದ ಮಾತ್ರಕ್ಕೆ ಶರಣನಾದೆನೆಂದು ತಿಳಿಯುವಷ್ಟೇ ಪೊಳ್ಳಾದುದು. ಕಾರಂತರ ವಿವಾಹ, ಗೋರಾ ಅವರ ಮಗಳ ವಿವಾಹ ಇವು ಗೌರವಕ್ಕೆ ಪಾತ್ರವಾಗುವುದು ನಡೆಯಿಂದ.

ಸಮಾನವಾದ ಒರೆಗಲ್ಲು

ಇತ್ತೀಚಿನ ಇತಿಹಾಸವು ಈ ವಿಚಾರಕ್ಕೆ ರಕ್ತದ ಮುದ್ರೆಯನ್ನೊತ್ತಿದೆ. ಮಹಾರಾಷ್ಟ್ರದಲ್ಲಿ ಮೂಢನಂಬಿಕೆಗಳ ವಿರುದ್ಧ ದುಡಿದ ನರೇಂದ್ರ ದಾಭೋಲಕರರನ್ನು 2013ರ ಆಗಸ್ಟ್ 20ರಂದು ಗುಂಡಿಟ್ಟು ಕೊಲ್ಲಲಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ತಮ್ಮ ಮನೆಯಲ್ಲಿಯೇ, ಎಂ. ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಅವರು ವಚನಗಳ ಪಾಠಶೋಧನೆಗೂ ಶಾಸನಗಳ ಅಧ್ಯಯನಕ್ಕೂ ಆಯುಷ್ಯವನ್ನು ಸವೆಸಿದವರು. ವಚನ ಸಾಹಿತ್ಯವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅವರಿಗೆ ಋಣಿ. ನಾಸ್ತಿಕನ ಕೊರಳಿಗೆ ಬಂದ ಕುಣಿಕೆಯು ಸಂಶೋಧಕನ ಕೊರಳಿಗೂ ಬರಲು ಬಹುಕಾಲ ಬೇಕಾಗದೆಂಬುದನ್ನು ಆ ದಿನವು ತೋರಿಸಿತು. ಪ್ರಶ್ನಿಸುವವನ ಜೀವರಕ್ಷಣೆಯು ನಾಸ್ತಿಕರ ಹಿತವೊಂದೇ ಅಲ್ಲ, ಸತ್ಯವನ್ನರಸುವ ಎಲ್ಲರ ಹಿತ. ಇದಕ್ಕೆ ಪ್ರತಿಯಾಗಿ ಆಶಾದಾಯಕವಾದ ಬೆಳವಣಿಗೆಯೂ ಇದೆ. ಅಮಾನವೀಯ ಆಚರಣೆಗಳನ್ನು ತಡೆಯುವ 2017ರ ಕರ್ನಾಟಕದ ಕಾಯಿದೆಗಾಗಿ ವಿಚಾರವಾದಿಗಳೊಡನೆ ದನಿಗೂಡಿಸಿದವರಲ್ಲಿ ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮಿಗಳಂತಹ ಮಠಾಧಿಪತಿಗಳೂ ಇದ್ದರು.

ಮೇಲೆ ವಿವೇಚಿಸಿದ ನಿದರ್ಶನಗಳಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ನಾಸ್ತಿಕನನ್ನು ಅವನ ನಾಸ್ತಿಕತೆಗಾಗಿ ವೃತ್ತಿಯಿಂದ, ಮದುವೆಯಿಂದ, ಜೀವದಿಂದ ವಂಚಿಸುವುದು ಅನ್ಯಾಯ; ಆ ಮಟ್ಟಿಗೆ ಇದು ಸಾಮಾಜಿಕ ನ್ಯಾಯದ ಪ್ರಶ್ನೆಯೇ ಸರಿ. ದೇವರ ಹೆಸರಿನಲ್ಲಿ ಒಬ್ಬನಿಗೆ ನೆಲ, ನೀರು, ಸ್ಪರ್ಶಗಳು ತಪ್ಪಿದಲ್ಲಿ ಆ ಹೆಸರನ್ನು ಪ್ರಶ್ನಿಸುವವನು ನ್ಯಾಯದ ಪಕ್ಷದಲ್ಲಿರುತ್ತಾನೆ. ಅವನು ಭಕ್ತನಾಗಿರಲಿ ನಾಸ್ತಿಕನಾಗಿರಲಿ, ಭೇದವಿಲ್ಲ. ದೇವರಿದ್ದಾನೆಯೇ ಇಲ್ಲವೇ ಎಂಬ ತತ್ತ್ವಜಿಜ್ಞಾಸೆಯನ್ನು ಮಾತ್ರ ಯಾವ ಕಾಯಿದೆಯೂ ಚಳವಳಿಯೂ ತೀರ್ಮಾನಿಸಲಾರದು. ಅದು ಅವರವರ ಅನುಭವಕ್ಕೆ ಬಿಟ್ಟ ವಿಷಯ.

ನುಡಿಗೆ ತಕ್ಕ ನಡೆಯನ್ನು ಕೇಳಿದವರು ಶರಣರು. ಆ ಒರೆಗಲ್ಲನ್ನು ಭಕ್ತನಿಗೊಂದು, ನಾಸ್ತಿಕನಿಗೊಂದು ಎಂದು ಬೇರೆಮಾಡಲಾಗದು. ನೀರಿನಲ್ಲಿ ಮುಳುಗುತ್ತಿದ್ದ ಚೋಮನ ಮಗುವಿಗೆ ಬೇಕಾಗಿದ್ದುದು ಕೈನೀಡುವ ಒಬ್ಬ ಮನುಷ್ಯ. ದಡದಲ್ಲಿ ನಿಂತವರೆಲ್ಲರೂ ದೇವರನ್ನು ನಂಬಿದವರೇ ಆಗಿದ್ದರು. ಆ ದಿನ ಆ ನಂಬಿಕೆಯಿಂದ ಒಂದು ಕೈಯೂ ಮುಂದಕ್ಕೆ ಚಾಚಲಿಲ್ಲ. ಅಂತಹ ದಡದಲ್ಲಿ ನೀರಿಗಿಳಿಯುವವನು ಯಾರೇ ಆಗಿರಲಿ, ಅವನ ಮತವನ್ನು ವಿಚಾರಿಸುವ ಅಧಿಕಾರ ದಡದಲ್ಲಿಯೇ ಉಳಿದವರಿಗಿಲ್ಲ.